ರಿಂಕಿನಲ್ಲಿ ದಾರಿ, ಪಾಠಕ್ಕೆ ನೆರವು: ಫಿಗರ್ ಸ್ಕೇಟಿಂಗ್ ಮಂಡಳಿಗೆ ಪಾಲಕರ ಮನವಿ

ಗೆ,
ಅಧ್ಯಕ್ಷರು ಮತ್ತು ನಿರ್ದೇಶಕ ಮಂಡಳಿ,
ಯು.ಎಸ್. ಫಿಗರ್ ಸ್ಕೇಟಿಂಗ್, ಕೊಲೊರಾಡೊ ಸ್ಪ್ರಿಂಗ್ಸ್.

ವಿಷಯ: ವಿಶೇಷ ಅಗತ್ಯವುಳ್ಳ ಸ್ಕೇಟರ್‌ಗಳ ಅನುಕೂಲಕ್ಕಾಗಿ ಕ್ಲಬ್‌ಗಳ ರಿಂಕ್ ನಿಯಮಗಳನ್ನು ತಿದ್ದುವ ಹಾಗೂ ಪಾಠಕ್ಕೆ ವಿದ್ಯಾರ್ಥಿವೇತನ ನೀಡುವ ಕುರಿತು.

ಮಾನ್ಯರೇ,

ಈ ಮನವಿಗೆ ಸಹಿ ಹಾಕಿದವರು ಆಟಿಸಂ, ಡೌನ್ ಸಿಂಡ್ರೋಮ್, ಶ್ರವಣದೋಷ ಅಥವಾ ದೃಷ್ಟಿದೋಷವಿರುವ ಮಕ್ಕಳ ಪಾಲಕರು. ಮಕ್ಕಳು ಐಸ್ ಮೇಲೆ ಇಳಿಯುವುದಕ್ಕೆ ಈಗ ಅಡ್ಡಿಯೇನಿಲ್ಲ. ಇಳಿದ ಮೇಲೆ ಅಲ್ಲಿ ಉಳಿಯುವುದೇ ಕಷ್ಟವಾಗಿದೆ.

ಕ್ಲಬ್‌ಗಳ ಅಭ್ಯಾಸದ ಅವಧಿಯಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು ಎಂಬುದಕ್ಕೆ ಒಂದು ಕ್ರಮವಿದೆ. ಯಾರ ಸಂಗೀತ ನುಡಿಯುತ್ತಿದೆಯೋ ಅವರಿಗೆ ಮೊದಲ ದಾರಿ. ಅನೇಕ ರಿಂಕ್‌ಗಳಲ್ಲಿ ಅಂಥವರು ಗುರುತಿಗೆಂದು ಸೊಂಟಕ್ಕೆ ಬಣ್ಣದ ಪಟ್ಟಿ ಕಟ್ಟಿಕೊಂಡಿರುತ್ತಾರೆ. ಆಮೇಲೆ ಕೋಚ್ ಜೊತೆ ಪಾಠದಲ್ಲಿರುವವರು, ಕೊನೆಗೆ ಉಳಿದವರು. ಸ್ಪಿನ್‌ಗೆ ರಿಂಕಿನ ನಡುಭಾಗ. ಬಿದ್ದವರು ತಟ್ಟನೆ ಏಳಬೇಕು. ಹರಿತವಾದ ಬ್ಲೇಡ್ ಕಟ್ಟಿಕೊಂಡು ಹತ್ತಾರು ಜನ ಒಂದೇ ಕಡೆ ಓಡಾಡುವಾಗ ಇಷ್ಟಾದರೂ ಶಿಸ್ತು ಬೇಕೇ ಬೇಕು. ಮನವಿದಾರರದ್ದು ಅದಕ್ಕೆ ತಕರಾರಿಲ್ಲ.

ತೊಂದರೆ ಏನೆಂದು ತಿಳಿಯಬೇಕಾದರೆ ಲುಟ್ಜ್ ಜಿಗಿತದ ಮೂಲೆಯಲ್ಲಿ ನಿಂತು ನೋಡಬೇಕು. ಈ ಜಿಗಿತಕ್ಕೆ ಸ್ಕೇಟರ್ ಹಿಮ್ಮುಖವಾಗಿ ಉದ್ದನೆಯ ಬಾಗುಗೆರೆಯಲ್ಲಿ ಮೂಲೆಯತ್ತ ಜಾರುತ್ತಾಳೆ, ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡಿ, ಬ್ಲೇಡಿನ ಮುಂತುದಿಯ ಹಲ್ಲನ್ನು ಐಸ್‌ಗೆ ಊರಿ ಮೇಲೇಳುತ್ತಾಳೆ. ಅಲ್ಲಿ ಯಾರಾದರೂ ನಿಂತಿದ್ದರೆ ಅವಳಿಗೆ ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಾಗಾಗಿ ಸುತ್ತಲಿನವರು ‘ಹೆಡ್ಸ್ ಅಪ್’ ಎಂದು ಕೂಗುತ್ತಾರೆ. ಕಿವಿ ಕೇಳದ ಹುಡುಗನಿಗೆ ಆ ಕೂಗು ಮುಟ್ಟುವುದೇ ಇಲ್ಲ. ಆಟಿಸಂ ಇರುವ ಹುಡುಗಿ ಕೂಗಿಗೆ ಬೆಚ್ಚಿ, ಎರಡೂ ಕಿವಿ ಮುಚ್ಚಿಕೊಂಡು, ನಿಂತಲ್ಲೇ ನಿಂತುಬಿಡುತ್ತಾಳೆ. ಡೌನ್ ಸಿಂಡ್ರೋಮ್ ಇರುವ ಅನೇಕರಿಗೆ ಸ್ನಾಯುಗಳ ಬಿಗಿ ಕಡಿಮೆ. ಬಿದ್ದರೆ ಮೊದಲು ಮಂಡಿಯೂರಿ, ಒಂದು ಪಾದ ಮುಂದಿಟ್ಟು, ಆ ಮಂಡಿಯ ಮೇಲೆ ಎರಡೂ ಕೈ ಒತ್ತಿ ಏಳಬೇಕು. ಅಷ್ಟರೊಳಗೆ ಬೆಂಚಿನ ಮೇಲೆ ಕೂತ ಯಾರಾದರೊಬ್ಬರು, ‘ಇವರನ್ನು ಸಾರ್ವಜನಿಕರ ಅವಧಿಗೆ ಕರೆತಂದರಾಗದೇ?’ ಎಂದು ಕೇಳಿಯಾಗಿರುತ್ತದೆ.

ನಿಯಮದ ಪಟ್ಟಿ ಗೋಡೆಯ ಮೇಲಿದ್ದರೂ ಅದು ಮೈಗೆ ಹತ್ತುವುದು ಕೋಚ್ ಪಕ್ಕದಲ್ಲೇ ನಿಂತು ಹತ್ತು ಸಲ ಹೇಳಿಕೊಟ್ಟಾಗ. ಗುಂಪಿನಲ್ಲಿ ಕಲಿಯಲಾಗದ ಮಗುವಿಗೆ ಒಬ್ಬೊಬ್ಬರೇ ಕಲಿಯುವ ಪಾಠ ಶೋಕಿಯೇನಲ್ಲ. ಆದರೆ ಅದಕ್ಕೆ ಐಸ್‌ನ ಶುಲ್ಕ ಬೇರೆ, ಕೋಚ್ ಶುಲ್ಕ ಬೇರೆ. ಹಣವಿಲ್ಲದವರಿಗೆ ಪಾಠವಿಲ್ಲ, ಪಾಠವಿಲ್ಲದವರಿಗೆ ನಿಯಮ ಬಾರದು, ನಿಯಮ ಬಾರದವರಿಗೆ ಅವಧಿಯಲ್ಲಿ ಜಾಗವಿಲ್ಲ. ಎರಡು ಬೇಡಿಕೆಗಳನ್ನು ಒಂದೇ ಮನವಿಯಲ್ಲಿ ಇಟ್ಟಿರುವುದು ಇದಕ್ಕೇ.

ಈ ಮಕ್ಕಳಿಗೆ ಸ್ಕೇಟಿಂಗ್ ಆಗದು ಎನ್ನುವ ಕಾಲ ಹೋಗಿ ಬಹಳ ವರ್ಷವಾಯಿತು. ವಿಶೇಷ ಒಲಿಂಪಿಕ್ಸ್‌ನ ಮೊದಲ ಚಳಿಗಾಲದ ಕ್ರೀಡಾಕೂಟ 1977ರಲ್ಲಿ ನಡೆದದ್ದು ಮಂಡಳಿಯ ಕಚೇರಿ ಇರುವ ಕೊಲೊರಾಡೊದಲ್ಲೇ, ಸ್ಟೀಮ್‌ಬೋಟ್ ಸ್ಪ್ರಿಂಗ್ಸ್‌ನಲ್ಲಿ. ಅಲ್ಲಿ ಸ್ಕೇಟಿಂಗ್ ಕೂಡ ಇತ್ತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಎಲಿಜಬೆತ್ ಓ’ಡೊನೆಲ್ ‘ಸಾಬಾ’ ಎಂಬ ಸಂಸ್ಥೆ ಕಟ್ಟಿ, ಹಿಡಿದು ನಡೆಯುವ ಚೌಕಟ್ಟುಗಳ ನೆರವಿನಿಂದ ಅಂಗವಿಕಲರನ್ನು ಐಸ್ ಮೇಲೆ ನಿಲ್ಲಿಸಿದರು. ಇಂದು ವಿಶೇಷ ಒಲಿಂಪಿಕ್ಸ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರೂ ಇಲ್ಲದವರೂ ಜೋಡಿಯಾಗಿ ಸ್ಪರ್ಧಿಸುವ ವಿಭಾಗವೇ ಇದೆ.

ಕಾನೂನೂ ಇದೆ. 1990ರ ಅಮೆರಿಕದ ಅಂಗವಿಕಲರ ಕಾಯ್ದೆ ಸಾರ್ವಜನಿಕರಿಗೆ ತೆರೆದ ಕ್ರೀಡಾ ಸ್ಥಳಗಳು ತಮ್ಮ ನಿಯಮಗಳಲ್ಲಿ ತಕ್ಕಮಟ್ಟಿನ ಮಾರ್ಪಾಡು ಮಾಡಿಕೊಳ್ಳಬೇಕು ಎನ್ನುತ್ತದೆ. ಕಾಲಿನ ರಕ್ತಸಂಚಾರದ ಕಾಯಿಲೆಯಿದ್ದ ಗಾಲ್ಫ್ ಆಟಗಾರ ಕೇಸಿ ಮಾರ್ಟಿನ್ ಸ್ಪರ್ಧೆಯಲ್ಲಿ ಗಾಡಿ ಬಳಸಲು ಅನುಮತಿ ಕೋರಿದಾಗ ಪಿಜಿಎ ಟೂರ್ ಒಪ್ಪಲಿಲ್ಲ. ನಡೆಯುವುದು ಗಾಲ್ಫಿನ ತಿರುಳಲ್ಲ, ಗಾಡಿಯಿಂದ ಆಟ ಕೆಡದು ಎಂದು ಸುಪ್ರೀಂ ಕೋರ್ಟ್ 2001ರಲ್ಲಿ 7-2 ಬಹುಮತದಿಂದ ತೀರ್ಪಿತ್ತಿತು. ಬಿದ್ದವರು ಎರಡು ಸೆಕೆಂಡಿನಲ್ಲಿ ಏಳುವುದು ಫಿಗರ್ ಸ್ಕೇಟಿಂಗಿನ ತಿರುಳೇ? ಮಂಡಳಿಯೇ ಹೇಳಲಿ.

ಇನ್ನು ಹಣದ ಮಾತು. 1961ರ ಫೆಬ್ರುವರಿ 15ರಂದು ಬ್ರಸೆಲ್ಸ್ ಬಳಿ ವಿಮಾನ ಬಿದ್ದು ಅಮೆರಿಕದ ತಂಡದ 18 ಸ್ಕೇಟರ್‌ಗಳೂ ತೀರಿಕೊಂಡರು. ಅವರ ನೆನಪಿಗೆ ಹುಟ್ಟಿದ ನಿಧಿ ಇಂದಿಗೂ ಸ್ಕೇಟರ್‌ಗಳ ತರಬೇತಿಗೆ, ಓದಿಗೆ ನೆರವಾಗುತ್ತಿದೆ. ಅದೇ ದುರಂತದಲ್ಲಿ ಕೋಚ್ ಬಿಲ್ ಕಿಪ್ ಅವರನ್ನು ಕಳೆದುಕೊಂಡ ಪೆಗ್ಗಿ ಫ್ಲೆಮಿಂಗ್ ಆ ನಿಧಿಯಿಂದ ನೆರವು ಪಡೆದವರಲ್ಲಿ ಒಬ್ಬರು. ಅವರು 1968ರಲ್ಲಿ ಗ್ರೆನೋಬಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಸ್ಕೇಟರ್‌ಗೆ ಹಣದ ಆಸರೆ ಬೇಕೆಂಬುದನ್ನು ಈ ಸಂಸ್ಥೆಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಸ್ಪರ್ಧೆಯ ಅಂಕವನ್ನು ನೋಡದೆ, ಪಾಠದ ಅಗತ್ಯವನ್ನು ನೋಡಿ ಕೊಡುವ ವಿದ್ಯಾರ್ಥಿವೇತನವೂ ಇರಲಿ ಎಂಬುದಷ್ಟೇ ಕೋರಿಕೆ. ಅದು ಕೋಚ್ ಶುಲ್ಕ, ಐಸ್ ಶುಲ್ಕ ಎರಡನ್ನೂ ಭರಿಸಬೇಕು. ಅರ್ಜಿ ಒಂದು ಪುಟ ಮೀರಬಾರದು. ಜನ್ಮದಿಂದ ಬಂದ ಸ್ಥಿತಿಗೆ ವರ್ಷವರ್ಷವೂ ವೈದ್ಯರ ಪ್ರಮಾಣಪತ್ರ ಕೇಳಬಾರದು. ಮಗುವಿನ ಜೊತೆ ಐಸ್ ಮೇಲೆ ಬರುವ ಸಹಾಯಕರಿಂದ ಪ್ರವೇಶ ಶುಲ್ಕ ಪಡೆಯಬಾರದು.

ರಿಂಕಿನ ನಿಯಮಗಳು ಚಿತ್ರಸಹಿತ ಫಲಕವಾಗಿ ಪ್ರತಿ ಕ್ಲಬ್‌ನಲ್ಲೂ ಮಕ್ಕಳ ಕಣ್ಣಿನ ಎತ್ತರದಲ್ಲಿರಲಿ. ಜಿಗಿತದ ಮೂಲೆಗಳನ್ನು ಅದರಲ್ಲಿ ಬಣ್ಣದಿಂದ ತೋರಿಸಲಿ. ವಾರಕ್ಕೊಂದು ಅವಧಿ ಸಂಗೀತದ ದನಿ ತಗ್ಗಿಸಿ, ಕಡಿಮೆ ಜನರೊಂದಿಗೆ ನಡೆಯಲಿ. ಕೋಚ್‌ಗಳ ಕಡ್ಡಾಯ ಮುಂದುವರಿಕೆ ತರಬೇತಿಯಲ್ಲಿ ಈ ವಿಷಯವೂ ಸೇರಲಿ. ವಿಶೇಷ ಅಗತ್ಯವುಳ್ಳ ಸ್ಕೇಟರ್‌ಗಳು ಗುರುತಿಗೆಂದು ಸೊಂಟಕ್ಕೆ ಬೇರೆ ಬಣ್ಣದ ಪಟ್ಟಿ ಕಟ್ಟಿಕೊಳ್ಳುವ ಬಗ್ಗೆ ಮಾತ್ರ ಮನವಿದಾರರಲ್ಲೇ ಒಮ್ಮತವಿಲ್ಲ: ಅದು ಮಗುವನ್ನು ಕಾಯುತ್ತದೆ ಎಂದು ಕೆಲವರು, ಬೆರಳು ಮಾಡಿ ತೋರಿಸಿದಂತಾಗುತ್ತದೆ ಎಂದು ಕೆಲವರು. ಆದ್ದರಿಂದ ಅದನ್ನು ಕಟ್ಟುವುದು ಬಿಡುವುದು ಸ್ಕೇಟರ್‌ನ ಇಷ್ಟಕ್ಕೇ ಇರಲಿ.

ಈ ಬೇಡಿಕೆಗಳನ್ನು ಮುಂಬರುವ ಆಡಳಿತ ಪರಿಷತ್ತಿನ ವಾರ್ಷಿಕ ಸಭೆಯ ಕಾರ್ಯಸೂಚಿಗೆ ಸೇರಿಸಬೇಕು, ಸಭೆಗೆ ಮುನ್ನ ಮಂಡಳಿಯ ನಿಲುವನ್ನು ಬರಹದಲ್ಲಿ ತಿಳಿಸಬೇಕು ಎಂದು ಮನವಿದಾರರು ಕೋರುತ್ತಾರೆ. ಚರ್ಚೆಯ ದಿನ ಇಬ್ಬರು ಸ್ಕೇಟರ್‌ಗಳಿಗೆ ತಾವೇ ಮಾತಾಡಲು ಸಮಯ ಕೊಡಬೇಕೆಂದೂ ವಿನಂತಿ.

ಇತಿ,
ಮನವಿದಾರ ಪಾಲಕರು