ಬೀರುವಿನಲ್ಲಿ ಮಲಗಿದ ಧೈರ್ಯ

2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರ ಕಾರ್ಖಾನೆಯವರು ಹೆಂಗಸರಿಗೆಂದೇ ಒಂದು ರಿವಾಲ್ವರನ್ನು ಹೊರತಂದರು. ‘ನಿರ್ಭೀಕ್’ ಎಂದು ಹೆಸರು; ದೆಹಲಿಯ ನಿರ್ಭಯಾಳ ನೆನಪಿಗಂತೆ. ಅರ್ಧ ಕಿಲೋ ತೂಕ, 1,22,360 ರೂಪಾಯಿ ಬೆಲೆ. ಅದನ್ನು ಇಟ್ಟುಕೊಟ್ಟದ್ದು ಒಡವೆ ಪೆಟ್ಟಿಗೆಯಂಥ ಒಂದು ಕೆಂಗಂದು ಬಣ್ಣದ ಪೆಟ್ಟಿಗೆಯಲ್ಲಿ. ಹೆಣ್ಣಿಗೆ ಏನು ಕೊಟ್ಟರೂ ಒಡವೆಯ ಹಾಗೆ ಕೊಟ್ಟರೆ ಒಪ್ಪುತ್ತಾಳೆ ಎಂದು ಆ ಪುಣ್ಯಾತ್ಮರಿಗೆ ಯಾರು ಹೇಳಿದರೋ! ಒಡವೆಯಾದರೆ ಸರಿ, ಮದುವೆಗೊಮ್ಮೆ ಮುಂಜಿಗೊಮ್ಮೆ ತೆಗೆದು ಹಾಕಿಕೊಂಡು ಮತ್ತೆ ಬೀರುವಿಗೆ ಸೇರಿಸಬಹುದು. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ.

ಆಗ ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆಯಾಯಿತು. ಬೆಲೆ ಜಾಸ್ತಿ ಎಂದವರಿದ್ದರು, ಬಂದೂಕಿನಿಂದ ರಕ್ಷಣೆಯಾಗದು ಎಂದವರೂ ಇದ್ದರು. ಆದರೆ ಒಂದು ಮಿಕ್ಸಿ ಕೊಳ್ಳುವಾಗ ನಾವು ಕೇಳುವ ಮೊದಲ ಪ್ರಶ್ನೆಯನ್ನು ನಾನು ಎಲ್ಲೂ ಓದಲಿಲ್ಲ: ಕೆಟ್ಟರೆ ರಿಪೇರಿ ಎಲ್ಲಿ?

ಈಗ ಆ ಚರ್ಚೆ ನಮ್ಮ ಅಕ್ಕನ ಮನೆಗೇ ಬಂದಿದೆ. ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಪಿ.ಜಿ. ಸೇರುವಾಗ ರಾತ್ರಿ ಹನ್ನೊಂದಾಗುವುದುಂಟು. ಅವಳಿಗೊಂದು ಅಗ್ಗದ ಪಿಸ್ತೂಲು ಕೊಡಿಸಬೇಕೆಂದು ಭಾವ ಹಟ ಹಿಡಿದಿದ್ದಾರೆ. ಅಗ್ಗವೆಂದರೆ ಲಕ್ಷದ ಆಸುಪಾಸು. 1980ರ ದಶಕದಲ್ಲಿ ಆಮದು ನಿಂತ ಮೇಲೆ ಹಳೆಯ ವಿದೇಶಿ ಪಿಸ್ತೂಲುಗಳಿಗೆ ಕೇಳುವ ಬೆಲೆಯ ಮುಂದೆ ನಮ್ಮ ಸರ್ಕಾರಿ ಕಾರ್ಖಾನೆಯದು ಅಗ್ಗವೇ ಸರಿ. “ಒಂದು ಸಲ ತೆಗೆಸಿಕೊಟ್ಟರೆ ಆಯ್ತು, ಜೀವನಪೂರ್ತಿ ಇರ್ತದೆ” ಎನ್ನುತ್ತಾರೆ ಭಾವ. ನನ್ನ ಜಗಳವಿರುವುದು ಈ ಮಾತಿನ ಮೇಲೆ.

ನನಗೆ ಬಂದೂಕು ಕಂಡರಾಗದು ಎಂದುಕೊಳ್ಳಬೇಡಿ. ಕಾಫಿ ಸೀಮೆಯಲ್ಲಿ ಹುಟ್ಟಿದವಳು, ಕೋವಿಯ ಸದ್ದು ಕೇಳಿಯೇ ಬೆಳೆದೆ. ನಮ್ಮ ಸೋದರಮಾವನ ಹತ್ತಿರ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಹಳೆಯದೊಂದು .32 ಪಿಸ್ತೂಲು ಇತ್ತು. 1911ರಲ್ಲಿ ಲಂಡನ್ನಿನ ಪೊಲೀಸರು ಆರಿಸಿಕೊಂಡದ್ದು ಅದೇ ಬಗೆಯದನ್ನು. ಅಷ್ಟು ಹಳೆಯದಾದರೂ ಮಾವನ ಕೈಯಲ್ಲಿ ಅದು ಒಮ್ಮೆಯೂ ತಡವರಿಸಲಿಲ್ಲ. ಮಾವ ಭಾನುವಾರ ಬೆಳಗ್ಗೆ ಹಳೆ ಪಂಚೆಯ ತುಂಡು ಹಾಸಿ, ಅದನ್ನು ಬಿಚ್ಚಿ, ಒರೆಸಿ, ಒಂದೊಂದು ಹನಿ ಎಣ್ಣೆ ಬಿಟ್ಟು ಜೋಡಿಸುತ್ತಿದ್ದರು. ಪಿಸ್ತೂಲು ಬಾಳಿದ್ದು ಆ ಭಾನುವಾರಗಳಿಂದ.

ನಮ್ಮವರ ಪಿಸ್ತೂಲಿನ ಕಥೆ ಬೇರೆ. ಅದು ಚರ್ಮದ ಚೀಲದೊಳಗೆ, ಬೀರುವಿನೊಳಗೆ, ರೇಷ್ಮೆ ಸೀರೆ ಮತ್ತು ನುಸಿಗುಳಿಗೆಯ ಸಹವಾಸದಲ್ಲಿ ಹನ್ನೆರಡು ಮಳೆಗಾಲ ಕಳೆಯಿತು. ಅವರು ತೀರಿಕೊಂಡ ಮೇಲೆ ವಾರಸುದಾರಳೆಂದು ಲೈಸೆನ್ಸು ನನ್ನ ಹೆಸರಿಗಾಯಿತು. ಹೊರತೆಗೆದರೆ ಚರ್ಮ ಅಂಟಿದ ಕಡೆಯೆಲ್ಲ ಕೆಂಪು ತುಕ್ಕು, ಹಿತ್ತಾಳೆಯ ಗುಂಡುಗಳ ಮೇಲೆ ದೇವರ ದೀಪಕ್ಕೆ ಹಿಡಿಯುವಂಥದೇ ಹಸಿರು ಕಿಲುಬು. ಚರ್ಮ ಮಳೆಗಾಲದ ತೇವವನ್ನು ಕುಡಿದು ಇಟ್ಟುಕೊಳ್ಳುತ್ತದೆ, ಹದ ಮಾಡಿದ ಉಪ್ಪಿನಂಶವೂ ಅದರಲ್ಲಿರುತ್ತದೆ. ಪಿಸ್ತೂಲನ್ನು ಅದರಲ್ಲೇ ಮಲಗಿಸುವುದೆಂದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ. ಇದನ್ನು ಹೇಳಿಕೊಟ್ಟದ್ದು ರಿಪೇರಿಯವನು. ಅವನನ್ನು ಹುಡುಕಲು ನನಗೆ ಎರಡು ಜಿಲ್ಲೆ ಸುತ್ತಬೇಕಾಯಿತು.

ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನ ಗುಟ್ಟು ಹೊಲಿಗೆ ಯಂತ್ರ ತುಳಿದವರಿಗೆ ಬೇಗ ತಿಳಿಯುತ್ತದೆ. ಗುಂಡು ಹಾರಿದ ರಭಸಕ್ಕೆ ಮೇಲಿನ ಸ್ಲೈಡು ಹಿಂದಕ್ಕೆ ಸರಿಯುತ್ತದೆ. ಒಂದು ಕೊಕ್ಕೆ ಖಾಲಿ ಹಿತ್ತಾಳೆ ಕೊಳವೆಯನ್ನು ಎಳೆದು ಹೊರಗೆಸೆಯುತ್ತದೆ. ಒಳಗಿನ ಸ್ಪ್ರಿಂಗು ಸ್ಲೈಡನ್ನು ಮುಂದೆ ತಳ್ಳುತ್ತದೆ. ಅಷ್ಟರಲ್ಲಿ ಹಿಡಿಕೆಯೊಳಗಿನ ಮ್ಯಾಗಜೀನಿನ ಸ್ಪ್ರಿಂಗು ಮುಂದಿನ ಗುಂಡನ್ನು ಮೇಲೆತ್ತಿ ಹಿಡಿದಿರಬೇಕು. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ. ಬಾಬಿನ್ನಿನಲ್ಲಿ ಒಂದು ನೂಲು ಸಿಕ್ಕಿದರೆ ಹೊಲಿಗೆ ಹೇಗೆ ನಿಲ್ಲುತ್ತದೋ ಹಾಗೇ ಇಲ್ಲಿಯೂ: ಸ್ಪ್ರಿಂಗು ಸೊರಗಿದರೆ, ಕೊಕ್ಕೆಯಡಿ ಮಸಿ ಕಟ್ಟಿದರೆ, ಮ್ಯಾಗಜೀನಿನ ತುಟಿ ಕೂದಲೆಳೆಯಷ್ಟು ಬಾಗಿದರೆ ಎರಡನೆಯ ಗುಂಡು ಅಡ್ಡ ಸಿಕ್ಕಿಕೊಳ್ಳುತ್ತದೆ. ರಿವಾಲ್ವರಿನಲ್ಲಿ ಒಂದು ಗುಂಡು ಹಾರದಿದ್ದರೆ ಟ್ರಿಗರನ್ನು ಮತ್ತೆ ಎಳೆದರೆ ಸಾಮಾನ್ಯವಾಗಿ ಮುಂದಿನದು ಬರುತ್ತದೆ. ‘ನಿರ್ಭೀಕ್’ಗೆ ಆ ಮಟ್ಟಿನ ಮರ್ಯಾದೆ ಸಲ್ಲಬೇಕು. ಪಿಸ್ತೂಲು ಸಿಕ್ಕಿಕೊಂಡರೆ ಎರಡೂ ಕೈ ಬೇಕು, ಬೆಳಕು ಬೇಕು, ಕೈಗೆ ಅಭ್ಯಾಸ ಬೇಕು. ಮೈಮೇಲೆ ಬಿದ್ದವನು ಇದಕ್ಕೆಲ್ಲ ಪುರುಸೊತ್ತು ಕೊಡುತ್ತಾನೆಯೇ?

ಎಣ್ಣೆಯ ವಿಚಾರ ಹೇಳಲೇಬೇಕು. ಬಾಗಿಲ ಕೀಲಿಗೂ ತಲೆಗೂ ತೆಂಗಿನೆಣ್ಣೆಯೇ ನಮಗೆ ಗತಿ. ಪಿಸ್ತೂಲಿಗೆ ಅದು ಶತ್ರು. ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಬಂದೂಕಿನ ಎಣ್ಣೆಯನ್ನೇ ತಂದು ತೆಳ್ಳಗೆ ಸವರಬೇಕು. ಹೆಚ್ಚಾದರೆ ಅದು ಗುಂಡಿನ ತಳಕ್ಕಿಳಿದು ಮದ್ದನ್ನೇ ಕೆಡಿಸಬಹುದು. ಬಿಚ್ಚುವ ಮೊದಲು ಮ್ಯಾಗಜೀನು ತೆಗೆದರೆ ಸಾಲದು. ಸ್ಲೈಡನ್ನು ಹಿಂದಕ್ಕೆಳೆದು ನಳಿಗೆಯ ಬುಡ ಖಾಲಿಯೇ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ತಿಳಿಯಬೇಕು. ‘ಒರೆಸುವಾಗ ಆಕಸ್ಮಿಕವಾಗಿ ಗುಂಡು ಹಾರಿ’ ಎಂದು ಪತ್ರಿಕೆಯಲ್ಲಿ ಬರುವ ಸುದ್ದಿಗಳಲ್ಲಿ ಎಷ್ಟೋ ಆ ಒಂದು ಉಳಿದುಹೋದ ಗುಂಡಿನ ಸುದ್ದಿಗಳು.

ನಮ್ಮ ಕಡೆಯ ಆಯುಧಪೂಜೆಯಲ್ಲಿ ಕಬ್ಬಿಣಕ್ಕೆ ಒದ್ದೆ ಅರಿಸಿನ ಕುಂಕುಮ ಮೆತ್ತಿ, ಹೂವಿಟ್ಟು, ಮಾರನೆಯ ದಿನ ಹಾಗೆಯೇ ಒಳಗಿಡುವುದನ್ನು ನೋಡಿದ್ದೇನೆ. ಕೊಡಗಿನವರನ್ನು ನೋಡಿ ಕಲಿಯಬೇಕು. ಸೆಪ್ಟೆಂಬರಿನ ಕೈಲ್ಪೊಳ್ದಿಗೆ ಕೋವಿಗಳನ್ನೆಲ್ಲ ಹೊರತೆಗೆದು, ಶುಚಿಮಾಡಿ, ಆಮೇಲೆ ತೋಕ್ ಪೂ ಸಿಕ್ಕಿಸುತ್ತಾರೆ. ಪೂಜೆಯ ನೆಪದಲ್ಲಾದರೂ ವರ್ಷಕ್ಕೊಮ್ಮೆ ಕೋವಿ ಕೈಗೆ ಬರುತ್ತದೆ. ಕೋವಿ ಅವರಿಗೆ ಮನೆಯ ಒಬ್ಬ ಹಿರಿಯನಿದ್ದ ಹಾಗೆ, ಯೋಗಕ್ಷೇಮ ವಿಚಾರಿಸುವವರಿದ್ದಾರೆ.

ಇನ್ನು ಚುನಾವಣೆ. ಘೋಷಣೆಯಾಯಿತೆಂದರೆ ಲೈಸೆನ್ಸುದಾರರು ಆಯುಧವನ್ನು ಠಾಣೆಗೊಪ್ಪಿಸಬೇಕೆಂದು ಆದೇಶ ಬರುವುದುಂಟು. ಶಾಂತಿಯಿಂದ ಮತದಾನವಾಗಲಿ, ನನ್ನ ತಕರಾರಿಲ್ಲ. ಆದರೆ ಚೀಟಿ ಕಟ್ಟಿಸಿಕೊಂಡು ಕೋಣೆಯ ಮೂಲೆ ಸೇರಿದ ಪಿಸ್ತೂಲಿಗೆ ಅಲ್ಲಿ ಎಣ್ಣೆ ಹಾಕುವವರು ಯಾರು? ಒಂದು ಸಲ ವಾಪಸು ತಂದಾಗ ಸ್ಲೈಡು ಎಳೆಯಲು ನನ್ನ ರಟ್ಟೆಯೇ ಸಾಲಲಿಲ್ಲ. ಆ ಒಂದೂವರೆ ತಿಂಗಳು ಹೆಂಗಸಿನ ‘ರಕ್ಷಣೆ’ ಎಲ್ಲಿತ್ತು ಎಂದು ಕೇಳಿದರೆ ನಗುತ್ತಾರೆ.

2016ರ ಆಯುಧ ನಿಯಮಗಳು ತರಬೇತಿಯ ಪ್ರಮಾಣಪತ್ರ ಕೇಳುತ್ತವೆ, ಒಳ್ಳೆಯದೇ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷವಾಯಿತು. ಕಾಗದ ಐದು ವರ್ಷ ಬಾಳುತ್ತದೆ, ಕೈಯ ಅಭ್ಯಾಸ ಐದು ತಿಂಗಳೂ ಬಾಳುವುದಿಲ್ಲ. ಹಿಡಿತ ಸಡಿಲವಾದರೆ ಒಳ್ಳೆಯ ಪಿಸ್ತೂಲೂ ಸಿಕ್ಕಿಕೊಳ್ಳಬಹುದು; ಸ್ಲೈಡು ಪೂರ್ತಿ ಸರಿಯಲು ಕೈ ಗಟ್ಟಿಯಾಗಿ ನಿಲ್ಲಬೇಕು. ಅಭ್ಯಾಸಕ್ಕೆ ಜಾಗ ಬೇಕು, ಗುಂಡು ಬೇಕು. ಗುಂಡಿಗೆ ದುಡ್ಡೂ ಬೇಕು, ಲೈಸೆನ್ಸಿನಲ್ಲಿ ಬರೆದ ಮಿತಿಯನ್ನೂ ಮೀರುವಂತಿಲ್ಲ. ಹೀಗಾಗಿ ಕೊಂಡ ದಿನ ತುಂಬಿಸಿದ ಗುಂಡುಗಳೇ ಹತ್ತು ವರ್ಷ ಹಾಗೇ ಕೂತಿರುತ್ತವೆ. ನಂಬಿಕೆ ಇಡಬೇಕಾದ ಯಂತ್ರ ಓಡುತ್ತದೋ ಇಲ್ಲವೋ ಎಂದು ಓಡಿಸಿ ನೋಡದೆಯೇ ನಂಬುವುದು! ಗ್ಯಾಸ್ ಸ್ಟೌವಿನ ಮೇಲೂ ನಾವು ಅಷ್ಟು ಭಕ್ತಿ ಇಟ್ಟವರಲ್ಲ.

ಇಷ್ಟಾಗಿಯೂ ಆ ಬೀರುವಿನ ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ? ಹೆಂಗಸರ ಮೇಲಿನ ಅಪರಾಧಗಳ ಸರ್ಕಾರಿ ಅಂಕಿಅಂಶಗಳಲ್ಲಿ ವರ್ಷ ವರ್ಷವೂ ಅತಿ ದೊಡ್ಡ ಪಾಲು ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯದ್ದು. ಕತ್ತಲ ರಸ್ತೆಯ ಅಪರಿಚಿತನಿಗೆಂದು ಕೊಂಡ ಪಿಸ್ತೂಲು ಇರುವುದು ಮಾತ್ರ ಆ ಮನೆಯೊಳಗೇ. ಮದುವೆಯಾಗಿ ಹೋಗುವ ಹುಡುಗಿಯ ಜೊತೆ ಅದನ್ನು ಕಳಿಸುವವರು, ಅಲ್ಲಿ ಅದು ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸಬೇಡವೇ?

ಇದನ್ನೆಲ್ಲ ಭಾವನಿಗೆ ಹೇಳಿದೆ. ಪಿ.ಜಿ.ಯಲ್ಲಿ ಎಲ್ಲಿಡುತ್ತಾಳೆ, ಎಲ್ಲಿ ಅಭ್ಯಾಸ ಮಾಡುತ್ತಾಳೆ, ಸ್ಪ್ರಿಂಗು ಹೋದರೆ ಯಾರ ಹತ್ತಿರ ಹೋಗುತ್ತಾಳೆ ಎಂದು ಒಂದೊಂದೇ ಕೇಳಿದೆ. “ನೀನಿದ್ದೀಯಲ್ಲ ತಾಯಿ, ರಜಕ್ಕೆ ಬಂದಾಗ ಒರೆಸಿಕೊಟ್ಟರಾಯ್ತು” ಎಂದರು. ಪಿಸ್ತೂಲು ಕೊಡಿಸುವ ಸಂಭ್ರಮ ಅವರದು, ಒರೆಸುವ ಬಟ್ಟೆ ನನ್ನದು.

ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ನಾನೇ ಫೋನು ಮಾಡಿ ಕೇಳಿದೆ. “ಚಿಕ್ಕಮ್ಮ, ಆ ಲಕ್ಷ ಇದ್ರೆ ಆಫೀಸಿನ ಹತ್ರಾನೇ ಒಂದು ಮನೆಗೆ ಅಡ್ವಾನ್ಸ್ ಕೊಡಬಹುದು. ನಾನೂ ನನ್ನ ಫ್ರೆಂಡೂ ಇರ್ತೀವಿ, ನಡ್ಕೊಂಡು ಹತ್ತು ನಿಮಿಷ” ಎಂದಳು. ಅವಳು ಮನೆಯನ್ನು ನೋಡಿಯೂ ಬಂದಿದ್ದಾಳೆ. ಭಾವ ಇನ್ನೂ ಲೈಸೆನ್ಸಿನ ಅರ್ಜಿ ತುಂಬುತ್ತಿದ್ದಾರೆ.