ಹೆಲ್ಮೆಟ್ ಕಾಯದ ಮಿದುಳು: ಆಟದ ಪೆಟ್ಟಿಗೆ ಹೊಣೆ ಯಾರು?

2025ರ ಜುಲೈ 28ರ ಸಂಜೆ ನ್ಯೂಯಾರ್ಕ್‌ನ ಪಾರ್ಕ್ ಅವೆನ್ಯೂದಲ್ಲಿರುವ ಬಹುಮಹಡಿ ಕಟ್ಟಡವೊಂದಕ್ಕೆ ಬಂದೂಕು ಹಿಡಿದು ನುಗ್ಗಿದ 27 ವರ್ಷದ ಯುವಕ ನಾಲ್ವರನ್ನು ಕೊಂದು, ಕೊನೆಗೆ ತಾನೂ ಗುಂಡು ಹಾರಿಸಿಕೊಂಡು ಸತ್ತ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಸಂಸ್ಥೆಯಾದ ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್‌ನ ಕೇಂದ್ರ ಕಚೇರಿ ಇರುವುದು ಅದೇ ಕಟ್ಟಡದಲ್ಲಿ. ತನ್ನ ಮಿದುಳನ್ನು ಪರೀಕ್ಷೆಗೆ ಒಳಪಡಿಸಬೇಕೆಂದು ಕೋರುವ ಚೀಟಿ ಆತನ ಬಳಿ ಸಿಕ್ಕಿತು. ಪರೀಕ್ಷೆ ನಡೆಯಿತು. ಪದೇ ಪದೇ ತಲೆಗೆ ಬೀಳುವ ಪೆಟ್ಟಿನಿಂದ ಉಂಟಾಗುವ ಮಿದುಳಿನ ಕಾಯಿಲೆ ಆರಂಭದ ಹಂತದಲ್ಲಿದ್ದುದು ಕಂಡುಬಂದಿದೆ ಎಂದು ಸೆಪ್ಟೆಂಬರ್‌ನಲ್ಲಿ ನಗರದ ವೈದ್ಯಾಧಿಕಾರಿಗಳು ಪ್ರಕಟಿಸಿದರು. ಆತ ಆಡಿದ್ದು ಹೈಸ್ಕೂಲು ಮಟ್ಟದಲ್ಲಿ; ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಕಾಯಿಲೆ ಇತ್ತು ಎಂದ ಮಾತ್ರಕ್ಕೆ ಕೊಲೆಗಳಿಗೆ ಅದೇ ಕಾರಣ ಎನ್ನಲಾಗದು. ಈ ಕಾಯಿಲೆಯಿಂದ ನರಳಿದ ಬಹುತೇಕರು ಯಾರ ಮೇಲೂ ಕೈ ಎತ್ತಿದವರಲ್ಲ. ಆದರೆ ಇದು ಕೋಟಿಗಟ್ಟಲೆ ಸಂಪಾದಿಸುವ ತಾರೆಯರ ವೃತ್ತಿಪರ ಅಪಾಯ ಮಾತ್ರ ಎಂಬ ಸಮಾಧಾನಕ್ಕೆ ಇನ್ನು ಆಸ್ಪದವಿಲ್ಲ.

ಬಾಕ್ಸಿಂಗ್ ಕಣದಿಂದ ಫುಟ್‌ಬಾಲ್ ಮೈದಾನಕ್ಕೆ

ಕಾಯಿಲೆ ಹೊಸದಲ್ಲ. ಬಾಕ್ಸರ್‌ಗಳ ತಡವರಿಸುವ ನಡಿಗೆ, ತೊದಲುವ ಮಾತು, ಮಂಕು ಕವಿದ ಬುದ್ಧಿಯನ್ನು ಗಮನಿಸಿದ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲೆಂಡ್ 1928ರಲ್ಲೇ ಅದನ್ನು 'ಪಂಚ್ ಡ್ರಂಕ್' ಎಂಬ ಹೆಸರಿನಲ್ಲಿ ದಾಖಲಿಸಿದ್ದರು. ನಂತರದ ದಶಕಗಳಲ್ಲಿ ಅದನ್ನು ಬಾಕ್ಸಿಂಗ್‌ಗೆ ಸೀಮಿತವಾದ ಪೀಡೆಯೆಂದೇ ಬಹುಮಟ್ಟಿಗೆ ಭಾವಿಸಲಾಯಿತು.

ಈ ನಂಬಿಕೆ ಮುರಿದದ್ದು 2002ರಲ್ಲಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ ನಾಲ್ಕು ಸೂಪರ್ ಬೌಲ್ ಗೆದ್ದುಕೊಟ್ಟವರಲ್ಲಿ ಒಬ್ಬರಾದ ಮೈಕ್ ವೆಬ್‌ಸ್ಟರ್ 50ನೇ ವಯಸ್ಸಿನಲ್ಲಿ ನಿಧನರಾದರು. ಕೊನೆಯ ವರ್ಷಗಳಲ್ಲಿ ಮರೆವು, ಖಿನ್ನತೆ ಅವರನ್ನು ಕಾಡಿದ್ದವು. ತಮ್ಮ ವಾಹನದಲ್ಲೇ ಮಲಗುವ ಸ್ಥಿತಿಯೂ ಬಂದಿತ್ತು. ನೈಜೀರಿಯಾ ಮೂಲದ ರೋಗಶಾಸ್ತ್ರಜ್ಞ ಬೆನೆಟ್ ಒಮಾಲು ಅವರ ಮಿದುಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಕಾಯಿಲೆಯ ಗುರುತುಗಳು ಕಂಡವು. 2005ರಲ್ಲಿ ಪ್ರಕಟವಾದ ಆ ವರದಿಯಿಂದ ಕ್ರಾನಿಕ್ ಟ್ರಾಮ್ಯಾಟಿಕ್ ಎನ್‌ಸೆಫಲೋಪತಿ, ಸಂಕ್ಷಿಪ್ತವಾಗಿ ಸಿಟಿಇ, ಫುಟ್‌ಬಾಲ್ ಮೈದಾನಕ್ಕೂ ಬಂದಿತು.

ಆಗುವುದೇನು?

ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮೃದುವಾದ ಅಂಗ. ಓಡುತ್ತಿದ್ದ ದೇಹ ಥಟ್ಟನೆ ನಿಂತರೂ ಒಳಗಿನ ಮಿದುಳು ನಿಲ್ಲದು. ಅದು ಹೊಯ್ದಾಡುತ್ತದೆ, ತಿರುಚಿಕೊಳ್ಳುತ್ತದೆ. ಹೆಲ್ಮೆಟ್ ಬುರುಡೆ ಬಿರಿಯುವುದನ್ನು ತಡೆಯಬಲ್ಲದೇ ಹೊರತು ಈ ಹೊಯ್ದಾಟವನ್ನು ಪೂರ್ತಿಯಾಗಿ ತಡೆಯಲಾರದು. ಇಂಥ ಪೆಟ್ಟುಗಳು ವರ್ಷಗಟ್ಟಲೆ ಮುಂದುವರಿದಾಗ, ನರಕೋಶದ ಒಳರಚನೆಗೆ ಆಧಾರವಾಗಿರುವ 'ಟೌ' ಎಂಬ ಪ್ರೊಟೀನ್ ವಿಕೃತಗೊಂಡು ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಗಂಟುಕಟ್ಟುತ್ತದೆ. ಮರೆವು, ಸಿಡುಕು, ಖಿನ್ನತೆ, ಮುಂದೆ ಮರೆಗುಳಿತನ ಇದರ ಲಕ್ಷಣಗಳು. ಆಟ ಬಿಟ್ಟು ಎಷ್ಟೋ ವರ್ಷಗಳ ಬಳಿಕ ಅವು ತಲೆದೋರಬಹುದು. ಖಚಿತ ನಿರ್ಣಯ ಸಾಧ್ಯವಾಗುವುದು ಮರಣಾನಂತರದ ಪರೀಕ್ಷೆಯಲ್ಲಿ ಮಾತ್ರ. ಗುಣಪಡಿಸುವ ಔಷಧ ಇನ್ನೂ ಇಲ್ಲ.

ಪ್ರಜ್ಞೆ ತಪ್ಪಿಸುವ ದೊಡ್ಡ ಪೆಟ್ಟಷ್ಟೇ ಅಪಾಯಕಾರಿ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ 631 ಮಾಜಿ ಆಟಗಾರರ ಮಿದುಳುಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಮಾತು ಹೇಳಿತು. ಕಾಯಿಲೆಯ ತೀವ್ರತೆಗೆ ಹೊಂದಿಕೆಯಾದದ್ದು ದೊಡ್ಡ ಪೆಟ್ಟುಗಳ ಎಣಿಕೆಯಲ್ಲ. ವೃತ್ತಿಜೀವನದುದ್ದಕ್ಕೂ ತಲೆಯ ಮೇಲೆ ಬಿದ್ದ ಬಲದ ಒಟ್ಟು ಮೊತ್ತ. ಯಾರ ಗಮನಕ್ಕೂ ಬಾರದ ಸಣ್ಣ ಪೆಟ್ಟುಗಳೂ ಲೆಕ್ಕಕ್ಕೆ ಸೇರುತ್ತವೆ ಎಂದಾಯಿತು.

ಅಲ್ಲಗಳೆಯುವ ರಾಜಕಾರಣ

ಎನ್‌ಎಫ್‌ಎಲ್ 1994ರಲ್ಲಿ ತಲೆಪೆಟ್ಟಿನ ಅಧ್ಯಯನಕ್ಕೆ ಸಮಿತಿ ರಚಿಸಿದಾಗ ಅಧ್ಯಕ್ಷ ಸ್ಥಾನದಲ್ಲಿ ಕುಳಿತವರು ನರರೋಗ ತಜ್ಞರಲ್ಲ, ಕೀಲುವಾತದ ವೈದ್ಯರು. ಒಮಾಲು ವರದಿಯನ್ನು ಹಿಂಪಡೆಯಬೇಕೆಂದು ಈ ಸಮಿತಿಯ ಸದಸ್ಯರೇ ಪಟ್ಟು ಹಿಡಿದರು. ಫುಟ್‌ಬಾಲ್‌ಗೂ ಸಿಟಿಇಗೂ ಸಂಬಂಧವಿದೆ ಎಂದು ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡದ್ದು 2016ರಲ್ಲಿ.

ಅಷ್ಟರಲ್ಲಿ ಸಾವಿರಾರು ಮಾಜಿ ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿದ್ದರು. 2013ರಲ್ಲಿ 76.5 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಮೊತ್ತ ಸಾಲದೆಂದು ನ್ಯಾಯಾಧೀಶರು ಆಕ್ಷೇಪಿಸಿದ ಬಳಿಕ ಆ ಮಿತಿಯನ್ನು ತೆಗೆಯಲಾಯಿತು. ಇಲ್ಲಿಯೂ ಒಂದು ಕಳಂಕ ಉಳಿದಿತ್ತು. ಕಪ್ಪು ವರ್ಣೀಯರ ಬೌದ್ಧಿಕ ಮಟ್ಟ ಮೊದಲಿನಿಂದಲೇ ಕಡಿಮೆ ಎಂದು ಭಾವಿಸುವ ಮಾಪನದಿಂದ ಅವರ ಪರಿಹಾರದ ಅರ್ಜಿಗಳು ಸೋಲುವ ಸಂಭವವೇ ಹೆಚ್ಚಾಗಿತ್ತು. ಇದನ್ನು ಕೈಬಿಡುವುದಾಗಿ ಎನ್‌ಎಫ್‌ಎಲ್ ಹೇಳಿದ್ದು 2021ರಲ್ಲಿ.

ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು. ಎನ್‌ಎಫ್‌ಎಲ್‌ನ 111 ಮಾಜಿ ಆಟಗಾರರ ಪೈಕಿ 110 ಮಂದಿಯ ಮಿದುಳಿನಲ್ಲಿ ಸಿಟಿಇ ಪತ್ತೆಯಾಯಿತೆಂಬ 2017ರ ಬಾಸ್ಟನ್ ವರದಿ ಜಗತ್ತನ್ನು ಬೆಚ್ಚಿಬೀಳಿಸಿತು. ಆದರೆ ಸಂದೇಹ ಹುಟ್ಟಿದ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡುತ್ತವೆ. ಆದ್ದರಿಂದ ಆಡಿದವರೆಲ್ಲರಿಗೂ ಈ ಪ್ರಮಾಣ ಅನ್ವಯಿಸದು. ಇದಕ್ಕಿಂತ ವ್ಯಾಪಕವಾದ ಸಾಕ್ಷ್ಯ ಸಿಕ್ಕಿದ್ದು ಸ್ಕಾಟ್ಲೆಂಡಿನಲ್ಲಿ. ಅಲ್ಲಿನ ಮಾಜಿ ವೃತ್ತಿಪರ ಫುಟ್‌ಬಾಲಿಗರು ನರಕ್ಷಯ ಕಾಯಿಲೆಗಳಿಂದ ಸಾಯುವ ಪ್ರಮಾಣ ಸಾಮಾನ್ಯರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು ಗ್ಲಾಸ್ಗೋ ಸಂಶೋಧಕರು 2019ರಲ್ಲಿ ತೋರಿಸಿದರು. ನಾವು ಆಡುವ, ನೋಡುವ ಫುಟ್‌ಬಾಲ್ ಇದೇ ಎಂಬುದು ಗಮನಾರ್ಹ.

ನಮ್ಮ ಅಂಗಳ

2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಪೆಟ್ಟು ತಿಂದ ಯುವ ಸ್ಪರ್ಧಿಯೊಬ್ಬ ಮೃತಪಟ್ಟ. ಅದು ತತ್‌ಕ್ಷಣದ ಗಾಯ, ಸಿಟಿಇ ಅಲ್ಲ. ಅಂಥ ಸಾವು ಕಣ್ಣಿಗೆ ಕಾಣುತ್ತದೆ, ಪ್ರಕರಣ ದಾಖಲಾಗುತ್ತದೆ. ಇಪ್ಪತ್ತು ವರ್ಷಗಳ ಬಳಿಕ ಮನೆಯ ಮೂಲೆಯಲ್ಲಿ ಮಂಕಾಗುವ ಮಾಜಿ ಕ್ರೀಡಾಪಟುವಿನ ಲೆಕ್ಕ ಇಡುವವರಾರು? ನಿಮ್ಹಾನ್ಸ್‌ನಲ್ಲಿ ಮಿದುಳು ಬ್ಯಾಂಕ್ ಇದೆ. ಬಾಕ್ಸಿಂಗ್, ಕುಸ್ತಿ, ಕಬಡ್ಡಿ, ಫುಟ್‌ಬಾಲ್ ಆಡಿದವರ ಕುಟುಂಬಗಳಿಗೆ ಮಿದುಳು ದಾನದ ಅರಿವು ಮೂಡಿಸಿದರೆ ಉತ್ತರದ ಹಾದಿ ತೆರೆದೀತು.

ಪರಿಹಾರ ದುಬಾರಿಯೇನಲ್ಲ. ತಲೆಪೆಟ್ಟು ಬಿದ್ದ ಆಟಗಾರನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ನಿಯಮವನ್ನು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2019ರಲ್ಲಿ ಜಾರಿಗೆ ತಂದಿತು. ಹತ್ತು ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳು ತಲೆಯಿಂದ ಚೆಂಡು ಹೊಡೆಯುವುದನ್ನು ಅಮೆರಿಕದ ಸಾಕರ್ ಒಕ್ಕೂಟ 2015ರಲ್ಲೇ ನಿಷೇಧಿಸಿತು. ಅಭ್ಯಾಸದ ವೇಳೆ ಡಿಕ್ಕಿಗಳನ್ನು ಕಡಿಮೆ ಮಾಡುವುದಕ್ಕೆ, ಶಂಕೆ ಬಂದೊಡನೆ ಆಟಗಾರನನ್ನು ಹೊರಗೆ ಕೂರಿಸುವುದಕ್ಕೆ ಬೇಕಾದುದು ಹಣವಲ್ಲ, ಮನಸ್ಸು.

ವಯಸ್ಕರು ಅಪಾಯವನ್ನು ಅರಿತು ಆಡುವುದು ಅವರ ಹಕ್ಕು. ಆದರೆ ಅರಿಯಲು ಯಾರಾದರೂ ತಿಳಿಸಿ ಹೇಳಬೇಕಲ್ಲವೇ? ತಲೆ ತಿರುಗುತ್ತಿದೆ ಎಂದ ಹುಡುಗನಿಗೆ 'ಏನೂ ಆಗಿಲ್ಲ, ಆಡು' ಎಂದು ಬೆನ್ನು ತಟ್ಟುವ ತರಬೇತುದಾರ ಪ್ರತಿ ಮೈದಾನದಲ್ಲೂ ಇರುತ್ತಾನೆ. ಬದಲಾವಣೆ ಆರಂಭವಾಗಬೇಕಿರುವುದು ಅಲ್ಲಿಂದ.