ಕಾಡಿನ ಬಂದೂಕು, ಊರಿನ ಫೋನು

ದಂಗೆ ಹತ್ತಿಕ್ಕುವ ತಂತ್ರದ ಬಗ್ಗೆ ಈಚೆಗೆ ಬರುವ ಬರಹಗಳದ್ದೆಲ್ಲ ಒಂದೇ ಪಲ್ಲವಿ: ನೆಲ, ಜಲ, ಆಕಾಶ, ಬಾಹ್ಯಾಕಾಶದ ನಂತರ ಸೈಬರ್ ಲೋಕ ಯುದ್ಧದ ಐದನೇ ರಂಗ, ಅಲ್ಲಿ ಗೆದ್ದವರೇ ದಂಗೆಯನ್ನು ಗೆಲ್ಲುತ್ತಾರೆ. ಪಿಎಚ್.ಡಿ.ಗೆಂದು ಇಂಥವನ್ನೇ ಓದುತ್ತಿರುವ ನನಗೆ, ಚೆಟ್ಟಳ್ಳಿಯಲ್ಲಿ ಕೂತು ನೋಡಿದರೆ, ಈ ಮಾತು ಅರ್ಧ ಸುಳ್ಳು, ಅರ್ಧ ಅಪಾಯಕಾರಿ ಎನಿಸುತ್ತದೆ.

ನಮ್ಮದೇ ಮಲೆನಾಡಿನ ಲೆಕ್ಕ ತೆಗೆದುಕೊಳ್ಳಿ. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. 2024ರ ನವೆಂಬರಿನಲ್ಲಿ ಹೆಬ್ರಿ ಬಳಿ ವಿಕ್ರಂ ಗೌಡ. ಈ ನಡುವೆ, 2018ರಲ್ಲಿ, ನಮ್ಮ ಜಿಲ್ಲೆಯ ಕೊಯನಾಡಿಗೂ ಶಸ್ತ್ರಧಾರಿಗಳು ಬಂದುಹೋದದ್ದು ಸುದ್ದಿಯಾಗಿತ್ತು. ಕೊನೆಗೆ 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ಶರಣಾದರು. ಅವರನ್ನು ಕಾಡಿನಿಂದ ಕರೆತಂದ ಸಾಫ್ಟ್‌ವೇರ್ ಯಾವುದು? ಸರ್ಕಾರದ ಶರಣಾಗತಿ ಸಮಿತಿ, ಮಧ್ಯೆ ನಿಂತ ನಾಗರಿಕರು, ಪುನರ್ವಸತಿಯ ಭರವಸೆ. ಅಂದರೆ ಮಾತುಕತೆ.

ಬಂದೂಕು ಹಿಡಿದವನು ಫೋನು ಎಸೆದು ಕಾಡು ಸೇರಬಲ್ಲ. ಎಸೆಯಲಾಗದವರು ಉಳಿದ ನಾವೆಲ್ಲ. ಮಳೆಗಾಲದಲ್ಲಿ ಮರ ಬಿದ್ದು ನೆಟ್‌ವರ್ಕ್ ಹೋದರೆ ಆಂಬುಲೆನ್ಸ್ ಕರೆಯಲು, ಕರಿಮೆಣಸಿನ ದರ ಕೇಳಲು ಎಷ್ಟು ಪರದಾಟವೆಂದು ಕೊಡಗಿನವರಿಗೆ ಹೇಳಬೇಕಿಲ್ಲ. ಕಾಶ್ಮೀರದಲ್ಲಿ ಅದನ್ನೇ ಸರ್ಕಾರಿ ಆದೇಶ ಮಾಡಿತು. 2019ರ ಆಗಸ್ಟಿನಲ್ಲಿ ನಿಂತ 4ಜಿ ಎಲ್ಲೆಡೆ ಮರಳಿದ್ದು 2021ರ ಫೆಬ್ರವರಿಯಲ್ಲಿ.

ಇನ್ನು ಬೆಂಗಳೂರಿನಲ್ಲೂ ವರ್ಷಗಟ್ಟಲೆ ದುಡಿದ ಸ್ಟ್ಯಾನ್ ಸ್ವಾಮಿ. ಮಾವೋವಾದಿ ನಂಟಿನ ಆರೋಪ ಹೊತ್ತು, ವಿಚಾರಣಾಧೀನ ಕೈದಿಯಾಗಿಯೇ 2021ರ ಜುಲೈಯಲ್ಲಿ ತೀರಿಕೊಂಡರು. ಅವರ ಕಂಪ್ಯೂಟರಿಗೆ ಹ್ಯಾಕರ್‌ಗಳು ಕಡತಗಳನ್ನು ತುರುಕಿದ್ದರೆಂದು, ಆರೋಪಿಗಳ ಪರ ಪರೀಕ್ಷೆ ನಡೆಸಿದ ಅಮೆರಿಕದ ಆರ್ಸೆನಲ್ ಸಂಸ್ಥೆ 2022ರ ಡಿಸೆಂಬರಿನಲ್ಲಿ ಹೇಳಿತು. ಆ ಮಾತು ಕೇಳಲು ಅವರಿರಲಿಲ್ಲ.

ಉಗ್ರರು ಇಂಟರ್ನೆಟ್ ಬಳಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬಳಸುತ್ತಾರೆ. ಅಂಥವರ ಫೋನನ್ನು ಪೊಲೀಸರು ಕದ್ದಾಲಿಸಲಿ, ನ್ಯಾಯಾಧೀಶರ ಅನುಮತಿ ಪಡೆದು. ನಮ್ಮಲ್ಲಿ ಆ ಆದೇಶಕ್ಕೆ ಸಹಿ ಹಾಕುವವರು ಗೃಹ ಕಾರ್ಯದರ್ಶಿ. ಅದನ್ನು ಪರಿಶೀಲಿಸುವ ಸಮಿತಿಯಲ್ಲಿರುವವರೂ ಅಧಿಕಾರಿಗಳೇ. ಇಂಟರ್ನೆಟ್ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಬೇಕು, ಅನಿರ್ದಿಷ್ಟವಾಗಿ ನಿಲ್ಲಿಸಕೂಡದು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲೇ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪನ್ನು ಅಕ್ಷರಶಃ ಪಾಲಿಸಿ, ಕದ್ದಾಲಿಕೆಯನ್ನೂ ನ್ಯಾಯಾಲಯದ ಕಣ್ಣಿನಡಿ ತನ್ನಿ. ಐದನೇ ರಂಗದ ಮಾತು ಆಮೇಲೆ ಆಡೋಣ.